ಮುಯ್ಯಾಳಿನ ಪಾಸು

ನಮ್ಮ ಟೈಮ್‌ಕೀಪರ್ ಹೋದ ವಾರ ಯಳಂದೂರಿನ ಪಕ್ಕದ ತಮ್ಮ ಊರಿನಲ್ಲಿ ತೀರಿಕೊಂಡರು. ಸುದ್ದಿ ಫೋನಿಗೆ ಬಂತು. ಹೂವಿನ ಚೌಕಟ್ಟಿನೊಳಗೆ ಅವರ ಫೋಟೊ, ಕೆಳಗೆ ಸರಳ ಜೀವಿ, ಪರೋಪಕಾರಿ, ಸಜ್ಜನ ಎಂಬ ಮೂರು ಮಾತು. ಸರಳ ಜೀವಿ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಪರೋಪಕಾರಿ ಎನ್ನುವುದಕ್ಕೂ ಅರ್ಧ ಒಪ್ಪಿಗೆಯಿದೆ. ಮೂರನೆಯ ಮಾತಿಗೆ ಬಂದಾಗ ಫೋನನ್ನು ಮಗುಚಿ ಇಟ್ಟು, ಗ್ರಂಥಾಲಯದ ಬಾಗಿಲು ಹಾಕಿಕೊಂಡು ಹೊರಗೆ ಬಂದೆ. ಶಾಗ್ಯದ ನಮ್ಮ ಗ್ರಂಥಾಲಯಕ್ಕೆ ಮಧ್ಯಾಹ್ನದ ಹೊತ್ತಿನಲ್ಲಿ ಬರುವವರು ಹೇಗೂ ಯಾರೂ ಇಲ್ಲ.

ಸತ್ತವರ ಮೇಲೆ ಮುನಿಸು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನನಗೆ ಇದೆ. ಅದನ್ನು ಮುಚ್ಚಿಟ್ಟು ಗುಣಗಾನ ಮಾಡಿದರೆ ಅವರಿಗೂ ಮರ್ಯಾದೆಯಲ್ಲ, ನನಗೂ ಅಲ್ಲ. ಬರೀ ಬೈದರೂ ಅನ್ಯಾಯವಾಗುತ್ತದೆ. ಏಕೆಂದರೆ ನಾಲ್ಕು ವರ್ಷ ನಾನು ಆ ಮನುಷ್ಯನನ್ನು ನನ್ನಪ್ಪನಿಗಿಂತ ಹೆಚ್ಚು ನಂಬಿದ್ದೆ. ನಂಬಿದ್ದೆ ಎನ್ನುವುದೇ ಈ ಕಥೆಯಲ್ಲಿ ನನಗೆ ಉರಿಯುವ ಜಾಗ.

ಗ್ರಂಥಾಲಯದ ಕೆಲಸ ಸಿಗುವ ಮೊದಲು ನಾನು ಬೆಂಗಳೂರಿನಲ್ಲಿ ಮೆಟ್ರೊ ಸ್ಟೇಷನ್ ಒಂದಕ್ಕೆ ಕಬ್ಬಿಣ ಕಟ್ಟುತ್ತಿದ್ದೆ. ರಸ್ತೆಯ ನಡುವೆ ಕಂಬಗಳ ಮೇಲೆ ನಿಂತು, ಎರಡು ಕಡೆಯ ಕಟ್ಟಡಗಳ ಮಹಡಿಯೊಳಗೆ ಇಣುಕುವಷ್ಟು ಎತ್ತರದಲ್ಲಿರುವ ಸ್ಟೇಷನ್ ಅದು. ಕಾಂಕ್ರೀಟು ಸುರಿಯುವ ಮೊದಲು ಸರಳುಗಳನ್ನು ಹೆಣೆದು ತಂತಿಯಿಂದ ಬಿಗಿಯುವುದು ನಮ್ಮ ಪಾಲಿನ ಕೆಲಸ. ಗ್ಯಾಂಗಿನಲ್ಲಿ ಇದ್ದವರೆಲ್ಲ ಹನೂರು, ಕೊಳ್ಳೇಗಾಲದ ಕಡೆಯವರೇ. ಗುತ್ತಿಗೆದಾರನ ಕೆಳಗೆ ಒಬ್ಬ ಗುತ್ತಿಗೆದಾರ, ಅವನ ಕೆಳಗೆ ಇನ್ನೊಬ್ಬ, ಅವನ ಕೆಳಗೆ ನಾವು. ಆ ಕೊನೆಯವನ ಪರವಾಗಿ ಗೇಟಿನ ತಗಡಿನ ಕೋಣೆಯಲ್ಲಿ ಕೂತು ನಮ್ಮ ಹಾಜರಿ ತೆಗೆಯುತ್ತಿದ್ದವರು ಈ ಟೈಮ್‌ಕೀಪರ್.

ಮೊದಲ ದಿನ ನಾನು ಗೇಟಿನಲ್ಲಿ ನಿಂತು, ಒಳಕ್ಕೆ ಓಗ್ಬೇಕು ಸಾ ಎಂದೆ. ಅವರು ಪೆನ್ನು ಕೆಳಗಿಟ್ಟು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಓಗ್ಬೇಕಾ? ಅಂಗಾರೆ ನೀ ನಮ್ಮೋನೇ ಕಣ್ಲಾ,” ಅಂದರು.

ಯಾವ ಊರು, ಯಾರ ಮಗ, ಊರಲ್ಲಿ ಈ ಸಲ ಮಳೆ ಹೆಂಗೆ ಎಂದು ವಿಚಾರಿಸಿ, ಕೈಗೊಂದು ಹೆಲ್ಮೆಟ್ ಕೊಟ್ಟರು. ಹಿಂದೆ ಸಾಲಿನಲ್ಲಿ ನಿಂತಿದ್ದ ಬೇರೆ ಗ್ಯಾಂಗಿನ, ಉತ್ತರದ ಕಡೆಯ ಹುಡುಗರು ಗೊಣಗುತ್ತಿದ್ದರು. ಟೈಮ್‌ಕೀಪರಿಗೆ ಅದೆಲ್ಲ ಲೆಕ್ಕಕ್ಕೇ ಇರಲಿಲ್ಲ.

ಕುಳ್ಳಗಿನ ಆಳು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಸಂಜೆಯ ಹೊತ್ತಿಗೆ ಬೆವರಿಗೆ ಒಂದೂವರೆ ಗೆರೆ. ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಹಾಗಾಗಿ ಹೊತ್ತು ನೋಡಬೇಕೆಂದಾಗಲೆಲ್ಲ ಅಂಗೈ ಮೇಲಾಗುತ್ತಿತ್ತು, ಯಾರ ಹತ್ತಿರವೋ ಏನನ್ನೋ ಕೇಳುವವರ ಹಾಗೆ. ಸೈಟಿಗೆ ಬರುವ ಮೊದಲು ನಮ್ಮ ಕಡೆಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಬಸ್ಸು ಹೊರಡಿಸುವ ಕೆಲಸದಲ್ಲಿದ್ದವರು. ಕಂಪನಿ ಮುಚ್ಚಿತು, ಚಾಳಿ ಉಳಿಯಿತು. ಬೆಳಿಗ್ಗೆ ಎಲ್ಲರೂ ಒಳಗೆ ಹೋದ ಮೇಲೆ ತಮ್ಮ ಕೋಣೆಯ ತಗಡಿಗೆ ಎರಡು ಸಲ ಅಂಗೈಯಿಂದ ಬಡಿದು “ರೈಟ್, ರೈಟ್” ಅನ್ನುತ್ತಿದ್ದರು. ಎಲ್ಲಿಗೂ ಹೋಗದ ಸ್ಟೇಷನ್ ದಿನಾ ಹಾಗೆ ಹೊರಡುತ್ತಿತ್ತು.

ಅವರಿಗೆ ಎರಡು ನಾಲಗೆ. ನಮ್ಮ ಜೊತೆ ಊರ ಮಾತು. ಎಂಜಿನಿಯರು ಬಂದರೆ ರೇಡಿಯೊದವರು ಆಡುವಂಥ ತೊಳೆದ ಮಾತು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅದನ್ನು ನಾವು ಅಣಕಿಸಿ ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ಆ ಸ್ಟೇಷನ್ನಿನ ಚರಿತ್ರೆ ಬರೆಯಬೇಕೆಂದರೆ ಅವರನ್ನು ಬಿಟ್ಟು ಬರೆಯಲಾಗದು. ಈಗ ಎರಡನೇ ಮೆಟ್ಟಿಲಸಾಲು ಇಳಿಯುವ ಜಾಗದಲ್ಲಿ ಮೊದಲೊಂದು ಇಡ್ಲಿ ಹೋಟೆಲಿತ್ತಂತೆ, ಕೊಳ್ಳೇಗಾಲದ ಬಸ್ಸುಗಳು ಊರೊಳಕ್ಕೆ ಹೋಗುವ ಮೊದಲು ಅಲ್ಲಿ ಐದು ನಿಮಿಷ ನಿಲ್ಲುತ್ತಿದ್ದವಂತೆ. ಲಿಫ್ಟಿನ ಗುಂಡಿ ತೋಡಿದ ಕಡೆ ಪಂಕ್ಚರ್ ಅಂಗಡಿ, ಟಿಕೆಟ್ ಕೌಂಟರಿನ ಕೆಳಗೆ ಎರಡು ಮಳೆಮರ. ಕಂಬಗಳಿಗೆ ಕಂಪನಿ ಕೊಟ್ಟ ನಂಬರು ಅವರಿಗೆ ಬೇಕಿರಲಿಲ್ಲ. ಇದು ಗೌರಿ ಹಬ್ಬದ ಹಿಂದಿನ ದಿನದ್ದು, ಇದು ಮಾರ್ನಮಿಯದು, ಅಗೋ ಆ ಓರೆಯಾಗಿ ಕಾಣೋದು ಆಷಾಢದ್ದು, ಅದಕ್ಕೇ ಹಂಗೆ ಎಂದು ತೋರಿಸುತ್ತಿದ್ದರು. ಓರೆಯೇನೂ ಇರಲಿಲ್ಲ. ಆಷಾಢದಲ್ಲಿ ಶುರುಮಾಡಿದ ಸಿಟ್ಟು ಅವರದು. ಒಂದು ಸಲ ರಾಹುಕಾಲದಲ್ಲಿ ಕಾಂಕ್ರೀಟಿನ ಲಾರಿ ಬಂದು ನಿಂತಾಗ, ಚಾಲಕನಿಗೆ ಟೀ, ಬಿಸ್ಕತ್ತು, ಮತ್ತೆ ಟೀ ಕೊಡಿಸಿ, ಅವನ ಊರಿನ ಸಮಾಚಾರವನ್ನೆಲ್ಲ ಕೇಳಿ, ಹೊತ್ತು ಕಳೆದ ಮೇಲೆಯೇ ಗೇಟು ತೆಗೆಸಿದರು. ಎಂಜಿನಿಯರು ಕೂಗಾಡಿದ. ಇವರು ಗಂಟಲು ಸರಿಮಾಡಿಕೊಂಡು, ದಾಖಲೆ ಪರಿಶೀಲಿಸುತ್ತಿದ್ದೆ ಸರ್ ಅಂದರು.

ನಮಗೆ ಸೈಟಿನ ಊಟದಲ್ಲಿ ಮೂರು ಹೊತ್ತೂ ಅನ್ನ. ಒಂದು ವಾರಕ್ಕೇ ನಾವು ಸೊರಗಿದ್ದನ್ನು ನೋಡಿ, ಊರಿಗೆ ಹೋದಾಗಲೆಲ್ಲ ಅರ್ಧ ಮೂಟೆ ರಾಗಿ ಹಿಟ್ಟು ಬಸ್ಸಿನ ಮೇಲೆ ಹಾಕಿಸಿಕೊಂಡು ತರುತ್ತಿದ್ದರು. ಭಾನುವಾರ ನಮ್ಮ ಶೆಡ್ಡಿಗೇ ಬಂದು, ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ, ಗಂಟಿದ್ದರೆ ಮಾಡಿದವನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಬಸ್ಸು ಬಿಟ್ರೆ ಇನ್ನೊಂದು ಬತ್ತದೆ, ಆಳು ಬಿಟ್ರೆ ಬರಲ್ಲ ಎನ್ನುವುದು ಅವರ ಮಾತು. ಪರೋಪಕಾರಿ ಎನ್ನುವುದಕ್ಕೆ ಅರ್ಧ ಒಪ್ಪಿಗೆ ಎಂದದ್ದು ಈ ಹಿಟ್ಟಿನ ಋಣಕ್ಕೆ.

ಈಗ ಮುಯ್ಯಿಯ ವಿಷಯ. ನಮ್ಮಲ್ಲಿ ಇವತ್ತು ನನ್ನ ಹೊಲಕ್ಕೆ ನೀನು ಬಂದರೆ ನಾಳೆ ನಿನ್ನ ಹೊಲಕ್ಕೆ ನಾನು. ಇದಕ್ಕೆ ಮುಯ್ಯಾಳು ಎನ್ನುತ್ತೇವೆ. ದುಡ್ಡಿನ ಮಾತಿಲ್ಲ, ದಿನಕ್ಕೆ ದಿನ. ಸೈಟಿನಲ್ಲಿ ನಾಲ್ಕು ದಿನ ಮೇಲ್ಪಟ್ಟು ಬಾರದಿದ್ದರೆ ಹೆಸರು ಹೊಡೆದು, ಗೇಟಿನೊಳಗೆ ಬಿಡುವ ಪಾಸು ಕಿತ್ತುಕೊಳ್ಳುತ್ತಿದ್ದರು. ರಾಗಿ ಕೊಯ್ಲಿಗೆ ನಾಲ್ಕು ದಿನ ಎಲ್ಲಿ ಸಾಕು? ಮೊದಲ ವರ್ಷ ನಾನು ರಜೆ ಕೇಳಿಕೊಂಡು ಅವರ ಮುಂದೆ ಕೈಕಟ್ಟಿ ನಿಂತಾಗ ದಾರಿ ತೋರಿಸಿದವರು ಅವರೇ.

“ನಿಮ್ಮೂರಲ್ಲಿ ಮುಯ್ಯಾಳು ಇಲ್ವೇನ್ಲಾ? ಒಬ್ನ ಕಳ್ಸು, ನಿನ್ ಪಾಸಲ್ಲೇ ಬರ್ಲಿ. ಎಸ್ರು ಯಾರ್ದಾದ್ರೇನು, ಆಳು ಬಂದ್ರಾಯ್ತು.”

ನಮಗೆ ಅದು ತಪ್ಪೆಂದು ಹೊಳೆಯಲೇ ಇಲ್ಲ. ಎತ್ತು ಕೊಟ್ಟು ಎತ್ತು ಈಸಿಕೊಳ್ಳುವವರು ನಾವು, ಪಾಸು ಕೊಟ್ಟು ಪಾಸು ಈಸಿಕೊಂಡೆವು. ಹೆಲ್ಮೆಟ್ ಹಾಕಿ ಮುಖಕ್ಕೆ ಟವೆಲ್ಲು ಸುತ್ತಿದರೆ ಯಾರು ಯಾರೋ. ಪಾಸಿನ ಫೋಟೊ ಬೆವರಿಗೆ ಮಾಸಿ ಎಲ್ಲರೂ ಒಂದೇ ಬಣ್ಣ. ಬೆರಳು ಒತ್ತಿಸಿಕೊಳ್ಳುವ ಯಂತ್ರ ಇನ್ನೂ ಬಂದಿರಲಿಲ್ಲ. ನಾನು ಊರಿಗೆ ಹೋದರೆ ನನ್ನ ಪಾಸಿನಲ್ಲಿ ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಮಧುವನಹಳ್ಳಿಯಿಂದ ಬರುತ್ತಿದ್ದ. ಅವನ ಹೊಲಕ್ಕೆ ಆಳು ಬೇಕಾದಾಗ ನಾನು ಅಷ್ಟೇ ದಿನ ದುಡಿದು ತೀರಿಸುತ್ತಿದ್ದೆ. ಟೈಮ್‌ಕೀಪರಿಗೆ ಅವನನ್ನು ಕಂಡರೆ ನನಗಿಂತ ಮೇಲು. ಲೇ ಮೈದ ಎಂದೇ ಕರೆಯುತ್ತಿದ್ದರು. ಅವನು ಕಟ್ಟಿದ ಗಂಟು ಸಾಯೋಗಂಟ ಬಿಚ್ಚಲ್ಲ ಎಂದು ನನ್ನ ಮುಂದೆಯೇ ಹೊಗಳುತ್ತಿದ್ದರು. ಪ್ಲಾಟ್‌ಫಾರಂ ಮಟ್ಟದ ಸರಳುಗಳನ್ನು ಮೂರು ವರ್ಷವೂ ಕೊಯ್ಲಿನ ಕಾಲದಲ್ಲಿ ಕಟ್ಟಿದವನು ಅವನೇ, ನನ್ನ ಹೆಸರಿನಲ್ಲಿ.

ನಾಲ್ಕನೆಯ ವರ್ಷ ನಾನು ಶಾಗ್ಯದ ಕಣದಲ್ಲಿ ರಾಗಿ ಒಕ್ಕುತ್ತಿದ್ದಾಗ ಅವರ ಫೋನು ಬಂತು. ಹಲಗೆ ಜಾರಿ ಬಾಮೈದ ಪ್ಲಾಟ್‌ಫಾರಮಿನಿಂದ ಕೆಳಗಿನ ಅಂತಸ್ತಿಗೆ ಬಿದ್ದಿದ್ದಾನೆ, ಸೊಂಟಕ್ಕೂ ಮಂಡಿಗೂ ಏಟಾಗಿದೆ, ಜೀವಕ್ಕೆ ಭಯವಿಲ್ಲ ಎಂದರು. ಆಮೇಲೆ ಒಂದು ಮಾತು ಸೇರಿಸಿದರು: ಆಸ್ಪತ್ರೆಗೆ ಹೋಗಬೇಡ, ಮೊದಲು ನನ್ನ ಹತ್ತಿರ ಬಾ.

ಹೋದೆ. ಆಸ್ಪತ್ರೆಯ ಮುಂದೆಯೇ ಬಸ್ಸು ಹಾದುಹೋಯಿತು, ಇಳಿಯಲಿಲ್ಲ. ಅವರು ಹೇಳಿದ ಮೇಲೆ ಮುಗಿಯಿತು.

ತಗಡಿನ ಕೋಣೆಯಲ್ಲಿ ನನಗೆ ಟೀ ತರಿಸಿಟ್ಟಿದ್ದರು. ಪಕ್ಕದಲ್ಲಿ ಟೈಪ್ ಮಾಡಿದ ಒಂದು ಕಾಗದ. ನನ್ನ ಗೇಟ್ ಪಾಸು ಎಂಟು ದಿನದ ಹಿಂದೆ ಕಳೆದುಹೋಗಿದೆ, ಅದನ್ನು ನಾನು ಯಾರಿಗೂ ಕೊಟ್ಟಿಲ್ಲ, ಅದನ್ನು ಬಳಸಿ ಒಳಗೆ ಬಂದವನು ಯಾರೆಂದು ನನಗೆ ತಿಳಿಯದು ಎಂದಿತ್ತು. ನಾನು ಪಿಯುಸಿ ಪಾಸಾದವನು. ಗ್ಯಾಂಗಿನವರ ಕಾಗದ ಪತ್ರವನ್ನೆಲ್ಲ ಓದಿ ಹೇಳುತ್ತಿದ್ದವನೇ ನಾನು. ಆ ಕಾಗದವನ್ನು ಒಮ್ಮೆ ಓದಿದೆ. ನಂಬಿಕೆ ಬಾರದೆ ಇನ್ನೊಮ್ಮೆ ಓದಿದೆ. ಹಿಂಗಂದ್ರೆ ಅವನು ಕಳ್ಳನಾಗ್ತಾನಲ್ಲ ಸಾ ಅಂದೆ.

ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಒಂದು ಪಾಸಿಗೆ ಇಬ್ಬರು ಎಂದು ಮೇಲಿನವರಿಗೆ ಗೊತ್ತಾದರೆ ನಮ್ಮ ಕಡೆಯವರೊಬ್ಬರೂ ಇಲ್ಲಿ ಉಳಿಯುವುದಿಲ್ಲ, ಎಲ್ಲರ ಅನ್ನವೂ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಈ ಕಾಗದ ಬರೀ ಮುಯ್ಯಿಯ ಮಾತು ಮೇಲೆ ಬಾರದ ಹಾಗೆ ತಡೆಯುವುದಕ್ಕೆ. ವಿಚಾರಣೆಯಲ್ಲಿ ತಾವೇ ನಿಂತು, ಈ ಹುಡುಗ ನಮ್ಮವನೇ, ಹೊಸಬ, ಪಾಸು ಇನ್ನೂ ಆಗಿರಲಿಲ್ಲ ಎಂದು ಹೇಳಿ ಅವನನ್ನು ಕೆಲಸಗಾರನ ಲೆಕ್ಕಕ್ಕೇ ಸೇರಿಸಿ ಪರಿಹಾರ ಕೊಡಿಸುತ್ತೇನೆ ಎಂದರು.

“ಅವನ್ನ ನಾ ನೋಡ್ಕತೀನಿ. ಏಳುಮಲೆ ಮಾದಪ್ಪನಾಣೆ ಕಣ್ಲಾ.”

ನಮ್ಮಲ್ಲಿ ಆ ಆಣೆಯ ಮೇಲೆ ಮಾತಿಲ್ಲ. ಮಾದಪ್ಪನ ಬೆಟ್ಟದ ಕಡೆ ಮುಖಮಾಡಿ ಸುಳ್ಳಾಡಿದವನು ಬಾಳಿದ್ದನ್ನು ನಾವು ಕೇಳಿಲ್ಲ. ನಾನು ಸೈನ್ ಹಾಕಿದೆ. ಟೀ ಕುಡಿದೆ ಕೂಡ.

ಮೂರನೆಯ ದಿನ ಕಂಪನಿಯವರ ವಿಚಾರಣೆ. ನನ್ನನ್ನು ಬಾಗಿಲ ಹೊರಗೆ ಕೂರಿಸಿದ್ದರು. ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಲು ನನ್ನ ಕಾಗದವನ್ನು ಓದಿದರು. ಆಮೇಲೆ ಬಿದ್ದವನು ಯಾರು ಎಂದು ಟೈಮ್‌ಕೀಪರನ್ನು ಕೇಳಿದರು. ಗಂಟಲು ಸರಿಮಾಡಿಕೊಂಡ ಸದ್ದು ಬಂತು.

“ಈ ವ್ಯಕ್ತಿಯನ್ನು ನಾನು ಇದುವರೆಗೆ ನೋಡಿಯೇ ಇಲ್ಲ ಸರ್.”

ತೊಳೆದ ಕನ್ನಡ. ಒಂದಕ್ಷರ ಮಾಸಿರಲಿಲ್ಲ. ಮೂರು ಕೊಯ್ಲು ‘ಲೇ ಮೈದ’ ಆಗಿದ್ದವನು ಒಂದೇ ಉಸಿರಿಗೆ ವ್ಯಕ್ತಿಯಾಗಿ ಹೋದ. ನಾನು ಎದ್ದು ಬಾಗಿಲು ತಳ್ಳಬೇಕಿತ್ತು. ನಾನೇ ಸೈನ್ ಹಾಕಿಕೊಟ್ಟ ಕಾಗದ ಒಳಗಿತ್ತು, ಏನೆಂದು ಹೇಳಲಿ? ನಂಬಿಸಿ ಕುತ್ತಿಗೆ ಕೊಯ್ಯುವುದು ಎನ್ನುತ್ತಾರಲ್ಲ, ಹಾಗೆ ಕೊಯ್ದರು. ಕುತ್ತಿಗೆ ಬಾಮೈದನದು, ಕೊಯ್ದ ಕತ್ತಿಯ ಹಿಡಿ ನನ್ನ ಕೈಯಲ್ಲಿ. ಕಂಪನಿಯವರು ಅವನನ್ನು ಕದ್ದ ಪಾಸಿನಲ್ಲಿ ನುಗ್ಗಿದವನು ಎಂದು ಬರೆದುಕೊಂಡರು. ಆಸ್ಪತ್ರೆಯ ಕಡೆ ಅವರಾರೂ ಮತ್ತೆ ತಲೆಹಾಕಲಿಲ್ಲ.

ಹೊರಗೆ ಬಂದ ಟೈಮ್‌ಕೀಪರ್ ನನ್ನನ್ನು ನೋಡಿ ಗಡಿಯಾರ ನೋಡಿಕೊಂಡರು. ಒಳಗೆ ಹೋದ ಮೇಲೆ ಪರಿಸ್ಥಿತಿ ಬೇರೆಯಾಗಿತ್ತು, ನಾನೊಬ್ಬ ಏನು ಮಾಡಲಿ ಎಂದರು. ಪರಿಸ್ಥಿತಿ ಎಂಬ ಪದ ಅವರ ಬಾಯಲ್ಲಿ ನಮ್ಮ ಹತ್ತಿರ ಬಂದದ್ದು ಅದೇ ಮೊದಲು.

ಹೊಸ ಪಾಸು ಮಾಡಿಸಿಕೊಟ್ಟರು. ನಾನು ಆ ಮೇಲೂ ಐದು ತಿಂಗಳು ಅಲ್ಲೇ ಕೆಲಸ ಮಾಡಿದೆ. ಇದನ್ನು ಬರೆಯಲು ಮನಸ್ಸಿರಲಿಲ್ಲ, ಆದರೂ ಬರೆದೆ. ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ, ಅಷ್ಟೇ ನನ್ನ ಪೌರುಷ. ಭಾನುವಾರ ರಾಗಿ ಹಿಟ್ಟು ಬಂದರೆ ನಾನು ಮಾತ್ರ ಅನ್ನ ತಿನ್ನುತ್ತಿದ್ದೆ. ಸ್ಟೇಷನ್ ತೆರೆದ ದಿನ ನಮ್ಮನ್ನೆಲ್ಲ ಮೊದಲ ರೈಲಿನಲ್ಲಿ ಸಾಲಾಗಿ ಕೂರಿಸಿಕೊಂಡು ಹೋಗುತ್ತೇನೆ ಎಂದು ಅವರು ಹಿಂದೆ ಹೇಳಿದ್ದರು. ತೆರೆದಾಗ ಯಾರೂ ನಮ್ಮನ್ನು ಕರೆಯಲಿಲ್ಲ. ಮಾರನೆಯ ದಿನದ ಪತ್ರಿಕೆಯ ಫೋಟೊದಲ್ಲಿ, ಹಾರಗಳ ಹಿಂದೆ, ಅರ್ಧ ಮುಖ ಅವರದೇ ಇತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು.

ಬಾಮೈದನ ಬಲಗಾಲನ್ನು ಮಂಡಿಯಲ್ಲಿ ಮಡಿಸಲಾಗುವುದಿಲ್ಲ. ಮಧುವನಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾನೆ. ಸೊಪ್ಪು ತರುವುದು ಅವನ ಹೆಂಡತಿ, ಕೂತು ಮಾಡುವ ಕೆಲಸವೆಲ್ಲ ಅವನದು. ನನ್ನನ್ನು ಕಂಡರೆ ಇವತ್ತಿಗೂ ಗೋಡೆ ಹಿಡಿದು ಎದ್ದು ನಿಲ್ಲುತ್ತಾನೆ. ಕೂತ್ಕೊ ಎಂದರೆ ಕೇಳುವುದಿಲ್ಲ. ನಾನು ಆ ಕಾಗದದ ವಿಷಯ ಅವನಿಗೆ ಹೇಳಿರಲಿಲ್ಲ, ನನ್ನ ಹೆಂಡತಿಗೂ ಹೇಳಿರಲಿಲ್ಲ. ಟೈಮ್‌ಕೀಪರ್ ನಮಗೆ ಮೋಸ ಮಾಡಿದರು ಎಂದಷ್ಟೇ ಎಲ್ಲರ ಮುಂದೆಯೂ ಹೇಳುತ್ತ ಬಂದೆ. ಸುಳ್ಳೇನಲ್ಲ. ಆ ಮಾತಿನ ಮರೆಯಲ್ಲಿ ಇಷ್ಟು ವರ್ಷ ನಾನು ಒಳ್ಳೆಯ ಭಾವನಾಗಿ ಉಳಿದಿದ್ದೆ. ಅವನು ಎದ್ದು ನಿಂತಾಗಲೆಲ್ಲ ಅದು ನನಗೆ ಚುಚ್ಚುತ್ತಿತ್ತು. ಹೇಳಿದರೆ ಮತ್ತೆ ಅವನು ಎದ್ದು ನಿಲ್ಲುತ್ತಾನೋ ಇಲ್ಲವೋ, ಆ ಮನೆಯ ಬಾಗಿಲು ನನಗೆ ಇರುತ್ತದೋ ಇಲ್ಲವೋ ಎಂಬ ಭಯ ಬಾಯಿ ಕಟ್ಟಿತ್ತು.

ಅವರು ಸತ್ತ ಸುದ್ದಿ ಬಂದ ದಿನ, ನಾನು ಆ ಕಾಗದವನ್ನು ಓದಿಯೇ ಸೈನ್ ಹಾಕಿದ್ದನ್ನು ಇನ್ನು ಬಲ್ಲವನು ನಾನೊಬ್ಬನೇ ಅನ್ನಿಸಿತು. ಹಾಯೆನಿಸಬೇಕಿತ್ತು. ಅನ್ನಿಸಲಿಲ್ಲ. ಗಾಡಿ ಹತ್ತಿ ಸೀದಾ ಮಧುವನಹಳ್ಳಿಗೆ ಹೋದೆ.

ಬಾಮೈದ ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂತು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದ. ಎದ್ದು ನಿಂತ. ನಾನು ಸಾವಿನ ಸುದ್ದಿ ಹೇಳಿದೆ. ಅವನು ಮತ್ತೆ ಕೂತು, ನಾಲ್ಕು ಗೂಡು ಬಿಡಿಸಿ ಬುಟ್ಟಿಗೆ ಹಾಕಿ, ಇಲ್ಲಿಗೂ ಬಂದಿದ್ದರು ಒಂದು ಸಲ ಎಂದ. ನನಗೆ ಅದು ಗೊತ್ತೇ ಇರಲಿಲ್ಲ. ಆಸ್ಪತ್ರೆಯಿಂದ ಬಂದ ಎರಡು ತಿಂಗಳಿಗೆ ಬಂದಿದ್ದರಂತೆ. ಕೈಯಲ್ಲಿ ಕಿತ್ತಳೆ ಹಣ್ಣು, ಹಿಟ್ಟಿನ ಚೀಲ. ಅವನ ಕಾಲಿನ ಹತ್ತಿರ ಕೂತು ಅತ್ತರಂತೆ. ಅಳುತ್ತಲೇ ಕಾಗದದ ಮಾತು ತೆಗೆದರಂತೆ.

“ನಂದೊಬ್ಬಂದೇ ತಪ್ಪಲ್ಲ ಕಣ್ಲಾ ಮೈದ, ನಿಮ್ ಭಾವನೂ ಎರಡೆರಡು ಸತಿ ಓದ್ನೋಡೇ ಸೈನ್ ಆಕವ್ನೆ ಅಂದ್ರು,” ಎಂದ ಬಾಮೈದ. ತಲೆ ಎತ್ತಲಿಲ್ಲ. “ನಂಗೆ ತಡೀನಾರ್ದೆ ಸಿಟ್ಟು ಬಂತು. ತಮ್ ತಪ್ನ ನಮ್ ಭಾವನ್ ತಲೆಗ್ ಕಟ್ಬ್ಯಾಡಿ, ಎದ್ದೇಳಿ ಅಂದೆ. ಅಣ್ಣೂ ಇಟ್ಕಳ್ನಿಲ್ಲ. ನಿಮ್ಗೆ ಹೇಳಿದ್ರೆ ನೊಂದ್ಕತೀರಿ ಅಂತ ಹೇಳ್ನಿಲ್ಲ ಭಾವ.”

ಇಷ್ಟು ವರ್ಷ ನಾನು ಬಚ್ಚಿಟ್ಟುಕೊಂಡಿದ್ದ ಮಾತು ಅವನ ಹತ್ತಿರವೇ ಇತ್ತು. ಅದನ್ನು ನಂಬದೆ ಇಟ್ಟುಕೊಂಡಿದ್ದ. ನನ್ನ ಮುಖ ಹೇಗಾಯಿತೋ, ಅವನು ಕೈ ನಿಲ್ಲಿಸಿ ನನ್ನನ್ನೇ ನೋಡಿದ.

“ಕಾಗ್ದ ಇತ್ತು,” ಅಂದೆ. “ನಂದೇ ಸೈನು.”

 ಅವನು ಮೆಲ್ಲಗೆ, ಮಗುವಿಗೆ ಹೇಳಿಕೊಡುವ ಹಾಗೆ ಕೇಳಿದ:

“ಅವ್ಸರದಾಗೆ ಇಲ್ಲಿ ಆಕು ಅಂದಿರ್ತಾರೆ. ಆಕಿರ್ತೀರಿ. ಅದ್ರಾಗೇನಿತ್ತು ಅಂತ ನೀವ್ ನೋಡಿರ್ನಿಲ್ಲ. ಅಲ್ವಾ ಭಾವ?”

ಊಂ ಎಂದರೆ ಸಾಕಿತ್ತು. ಹೌದೆನ್ನಲು ಅವನೇ ದಾರಿ ಮಾಡಿಕೊಟ್ಟಿದ್ದ. ಅಲ್ಲವೆನ್ನಲು ಬದುಕಿರುವವರು ಯಾರೂ ಇರಲಿಲ್ಲ.

“ಓದಿದ್ದೆ,” ಅಂದೆ. “ಎರಡು ಸತಿ.”

ಅವನು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಯಳಂದೂರಿನ ದಿಕ್ಕಿನ ರಸ್ತೆಯ ಕಡೆ ಮುಖ ತಿರುಗಿಸಿದ.

“ಅಂಗಾರೆ ಅವ್ರು ನಂಗೆ ಸುಳ್ಳೇಳ್ನಿಲ್ಲ,” ಅಂದ. “ನಾ ಅವ್ರಿಗೆ ಒಂದು ಲೋಟ ನೀರೂ ಕೊಡ್ನಿಲ್ಲ.”